ಬಯಲಲ್ಲಿ ಬಿದ್ದ ದೋಣಿ ಮತ್ತು ದುರಸ್ತಿಯ ಲೆಕ್ಕ

ಹಾಯಿದೋಣಿಯಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿ ಬಂದ ಮೊದಲ ಮನುಷ್ಯ ಜೋಶುವಾ ಸ್ಲೋಕಮ್. 1895ರ ಏಪ್ರಿಲ್ 24ರಂದು ಅಮೆರಿಕದ ಬಾಸ್ಟನ್ನಿನಿಂದ ಹೊರಟ ಆತ 1898ರ ಜೂನ್ 27ರಂದು ನ್ಯೂಪೋರ್ಟ್ ತಲುಪಿದ. ಕ್ರಮಿಸಿದ ದೂರ ಸುಮಾರು 46,000 ಮೈಲಿ. ಈ ಯಾನದ ಕಥನ 'ಸೇಲಿಂಗ್ ಅಲೋನ್ ಅರೌಂಡ್ ದ ವರ್ಲ್ಡ್' 1900ರಲ್ಲಿ ಪುಸ್ತಕವಾಗಿ ಬಂತು. ಓದಿದವರೆಲ್ಲ ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ಅದರಲ್ಲಿನ ಬಿರುಗಾಳಿಗಳನ್ನು, ಬೆನ್ನಟ್ಟಿ ಬಂದ ಕಡಲ್ಗಳ್ಳರನ್ನು, ಮೆಗೆಲನ್ ಜಲಸಂಧಿಯ ಭಯಾನಕ ರಾತ್ರಿಗಳನ್ನು. ನಮಗೆ ಮಾತ್ರ ಈ ಪುಸ್ತಕದ ಜೀವಾಳವಿರುವುದು ಮೊದಲ ಅಧ್ಯಾಯದಲ್ಲಿ ಎನಿಸುತ್ತದೆ. ಅಲ್ಲಿ ಸಮುದ್ರ ಹೆಚ್ಚು ಕಾಣುವುದಿಲ್ಲ. ಒಂದು ಹುಲ್ಲುಗಾವಲು, ಅದರಲ್ಲಿ ಕೊಳೆಯುತ್ತಾ ನಿಂತ ಒಂದು ದೋಣಿ, ಕೈಯಲ್ಲಿ ಕೆಲಸವಿಲ್ಲದ ಐವತ್ತರ ಹತ್ತಿರದ ಒಬ್ಬ ಮನುಷ್ಯ, ಇಷ್ಟೇ ಇವೆ. ಸಾಹಸ ನಡೆದದ್ದು ಇಲ್ಲಿ, ಮುಂದಿನ ಮೂರು ವರ್ಷಗಳ ಯಾನ ಅದರ ಫಲ ಎಂಬುದು ನಮ್ಮ ವಾದ.

ಆ ಮನುಷ್ಯ ಅಲ್ಲಿಗೆ ಬಂದು ನಿಂತದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು. ಸ್ಲೋಕಮ್ 1844ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದವನು. ತಂದೆ ಮೀನುಗಾರರಿಗೆ ಬೂಟು ಹೊಲಿದು ಕೊಡುತ್ತಿದ್ದರು. ಬಾಲಕನಾಗಿದ್ದಾಗಲೇ ಶಾಲೆ ಬಿಟ್ಟು ಕಡಲಿಗೆ ಬಿದ್ದ ಈತ ಖಲಾಸಿಯಾಗಿ ದುಡಿದು, ಮೇಲೇರಿ, ದೊಡ್ಡ ಹಾಯಿಹಡಗುಗಳ ಕ್ಯಾಪ್ಟನ್ ಆದ. ಆದರೆ ಆತ ಮೇಲೇರುತ್ತಿದ್ದ ಹೊತ್ತಿನಲ್ಲೇ ಹಾಯಿಯ ಕಾಲ ಇಳಿಯುತ್ತಿತ್ತು. ಸರಕೆಲ್ಲ ಉಗಿಹಡಗುಗಳ ಪಾಲಾಯಿತು. ಗಾಳಿಯನ್ನು ಓದಬಲ್ಲವನಿಗಿಂತ ಕಲ್ಲಿದ್ದಲು ಸುರಿಯಬಲ್ಲವನಿಗೆ ಬೇಡಿಕೆ ಬಂತು. 1884ರಲ್ಲಿ ಆತನ ಮೊದಲ ಪತ್ನಿ ವರ್ಜೀನಿಯಾ ತೀರಿಕೊಂಡಳು. 1887ರ ಕೊನೆಯಲ್ಲಿ ಆತನ ಸ್ವಂತ ಹಡಗು 'ಅಕ್ವಿಡ್‌ನೆಕ್' ಬ್ರೆಜಿಲ್ ಕರಾವಳಿಯಲ್ಲಿ ಮರಳದಿಬ್ಬಕ್ಕೆ ಬಡಿದು ಒಡೆಯಿತು. ಒಡೆದ ಹಡಗಿನಿಂದ ಉಳಿದದ್ದನ್ನೂ ಸ್ಥಳೀಯ ಮರವನ್ನೂ ಸೇರಿಸಿ ಆತ ಒಂದು ಸಣ್ಣ ದೋಣಿ ಕಟ್ಟಿದ. ಎರಡನೆಯ ಪತ್ನಿ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಸುಮಾರು 5,500 ಮೈಲಿ ದಾಟಿ ಅಮೆರಿಕಕ್ಕೆ ಮರಳಿದ. ಆ ದೋಣಿ ನೀರಿಗಿಳಿದದ್ದು 1888ರ ಮೇ 13ರಂದು, ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದ ದಿನ. ಅದಕ್ಕಾಗಿ ಆತ ಅದಕ್ಕಿಟ್ಟ ಹೆಸರು 'ಲಿಬರ್ಡಾಡೆ', ಎಂದರೆ ಸ್ವಾತಂತ್ರ್ಯ.

ಊರಿಗೆ ಬಂದವನಿಗೆ ಕೆಲಸವಿರಲಿಲ್ಲ. 1892ರ ಚಳಿಗಾಲದಲ್ಲಿ ತಿಮಿಂಗಿಲ ಬೇಟೆಯಲ್ಲಿ ಹಣ ಮಾಡಿದ್ದ ಹಳೆಯ ಪರಿಚಯದ ಕ್ಯಾಪ್ಟನ್ ಎಬೆನ್ ಪಿಯರ್ಸ್ ಸಿಕ್ಕಿದ. ಫೇರ್‌ಹೆವನ್‌ನಲ್ಲಿ ತನ್ನದೊಂದು ಹಡಗಿದೆ, ಸ್ವಲ್ಪ ರಿಪೇರಿ ಬೇಕು, ಬೇಕಾದರೆ ತೆಗೆದುಕೋ ಎಂದ. ಸ್ಲೋಕಮ್ ಹೋಗಿ ನೋಡಿದರೆ ಅದು ನೀರಿನಿಂದ ದೂರ ಹೊಲವೊಂದರಲ್ಲಿ ಊರುಗೋಲು ಕೊಟ್ಟು ನಿಲ್ಲಿಸಿದ್ದ 'ಸ್ಪ್ರೇ' ಎಂಬ ಪುರಾತನ ದೋಣಿ. ಏಳು ವರ್ಷಗಳಿಂದ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಕೊಟ್ಟವನು ತಮಾಷೆ ಮಾಡಿದ್ದ ಎಂಬುದರಲ್ಲಿ ಅನುಮಾನವಿಲ್ಲ. ಊರವರು ಬಂದು ಕೇಳಿದ್ದು, ಇದನ್ನು ಒಡೆಯಲು ಬಂದೆಯಾ ಎಂದು. ಅಲ್ಲ, ಮತ್ತೆ ಕಟ್ಟಲು ಎಂದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇದರಲ್ಲಿ ಲಾಭವುಂಟೇ? ಒಂದು ವರ್ಷಕ್ಕೂ ಹೆಚ್ಚು ಕಾಲ ಈ ಪ್ರಶ್ನೆ ಆತನ ಬೆನ್ನು ಬಿಡಲಿಲ್ಲ. ಪುಸ್ತಕವಿಡೀ ಈ ಪ್ರಶ್ನೆಗೆ ಕೊಟ್ಟ ಉತ್ತರವೆಂದೇ ಓದಲು ಸಾಧ್ಯವಿದೆ.

ಇನ್ನು ಕೆಲಸದ ವಿವರ. ಹತ್ತಿರದಲ್ಲೇ ನಿಂತಿದ್ದ ದಪ್ಪ ಓಕ್ ಮರವೊಂದನ್ನು ಕಡಿದು ದೋಣಿಯ ಅಡಿಮರ ಮಾಡಿದ. ಒಬ್ಬ ರೈತ ಅಲ್ಪ ಹಣಕ್ಕೆ ಮರವನ್ನು ಗಾಡಿಯಲ್ಲಿ ತಂದು ಹಾಕಿದ. ನೆಟ್ಟಗೆ ಬೆಳೆದ ಎಳೆಯ ಮರಗಳನ್ನು ಕೆತ್ತಿ, ಹಂಡೆಯೊಂದರಲ್ಲಿ ನೀರು ಕಾಯಿಸಿ, ಆ ಉಗಿ ತುಂಬಿದ ಮರದ ಪೆಟ್ಟಿಗೆಯಲ್ಲಿಟ್ಟು ಬೇಯಿಸಿ, ಮೆತ್ತಗಾದ ಮೇಲೆ ದಿಮ್ಮಿಯ ಮೇಲೆ ಬಾಗಿಸಿ ಪಕ್ಕೆಲುಬುಗಳನ್ನು ಮಾಡಿದ. ಮೇಲೆ ಒಂದೂವರೆ ಅಂಗುಲ ದಪ್ಪದ ಜಾರ್ಜಿಯಾ ಪೈನ್ ಹಲಗೆಗಳನ್ನು ಹೊದಿಸಿದ. ಹಲಗೆಗಳ ಸಂದಿಗೆ ಹತ್ತಿಯ ಎಳೆಯನ್ನು ಬಡಿದು, ಅದರ ಮೇಲೆ ನಾರು ತುರುಕಿ ನೀರು ಬಾರದಂತೆ ಮುಚ್ಚಿದ. ತಳಕ್ಕೆ ತಾಮ್ರದ ಬಣ್ಣ, ಮೇಲ್ಮೈಗೆ ಸೀಸದ ಬಿಳಿ ಬಣ್ಣ. ದುಡಿಯುವವನ ಸುತ್ತ ಹಣ್ಣಿನ ಮರಗಳು ಹೂ ಬಿಟ್ಟು ಕಾಯಾದವು. ನಿವೃತ್ತರಾದ ತಿಮಿಂಗಿಲ ಬೇಟೆಯ ಕ್ಯಾಪ್ಟನ್ನರು ಬಂದು ಕುಳಿತು ಹಳೆಯ ಸುದ್ದಿ ಹೇಳಿದರು, ಸಲಹೆ ಕೊಟ್ಟರು, ಸೋರುತ್ತದೆ ನೋಡು ಎಂದು ಹೆದರಿಸಿದರು. ಅವರ ಕಸುಬೂ ಆಗಲೇ ಮುಗಿಯುತ್ತಾ ಬಂದಿತ್ತು. ಕೊನೆಗೆ ನೀರಿಗಿಳಿದಾಗ ದೋಣಿಯ ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. ಅದು ಸೋರಲಿಲ್ಲ.

ಇದನ್ನು ಹೇಳುವಾಗ ಸ್ಲೋಕಮ್‌ನ ಗದ್ಯ ಬಹಳ ಶಾಂತವಾಗಿದೆ. ಕತೆ ಬರೆಯುವ ನಮ್ಮಂಥವರು ಗಮನಿಸಬೇಕಾದ ಗುಣ ಇದು. ತಾನು ಸೋತವನು ಎಂದು ಆತ ಎಲ್ಲೂ ಹೇಳುವುದಿಲ್ಲ. ಕಾಲ ಬದಲಾಯಿತು ಎಂದು ಗೋಳಾಡುವುದಿಲ್ಲ. ಬೆಂದ ಮರ ಬಾಗಿದ ಬಗೆಯನ್ನು ಹೇಳುತ್ತಾನೆ, ಅಷ್ಟೇ. ಓದುತ್ತಾ ಹೋದಂತೆ ಬಾಗುತ್ತಿರುವುದು ಮರ ಮಾತ್ರವಲ್ಲ, ಮುರಿದುಹೋಗಬಹುದಾಗಿದ್ದ ಒಬ್ಬ ಮನುಷ್ಯ ಕೂಡ ಎಂಬುದು ನಮಗೇ ಹೊಳೆಯುತ್ತದೆ. ದುಃಖದ ಹೆಸರೆತ್ತದೆ ದುಃಖವನ್ನು ಬರೆಯುವುದು ಸುಲಭವಲ್ಲ.

ಈ ಅಧ್ಯಾಯದ ಅತ್ಯಂತ ಪ್ರಸಿದ್ಧ ವಾಕ್ಯ ಒಂದು ಲೆಕ್ಕ. ಸಾಮಗ್ರಿಗೆ ಖರ್ಚಾದದ್ದು 553 ಡಾಲರ್ 62 ಸೆಂಟ್, ಹಿಡಿದ ಕಾಲ ಹದಿಮೂರು ತಿಂಗಳು. ನಡುವೆ ಬಂದರಿನಲ್ಲಿ ಸಜ್ಜಾಗುತ್ತಿದ್ದ ತಿಮಿಂಗಿಲ ಹಡಗುಗಳಲ್ಲಿ ಕೂಲಿ ಕೆಲಸ ಮಾಡಿ ಖರ್ಚು ಸರಿದೂಗಿಸಿದ್ದಾಗಿಯೂ ಹೇಳುತ್ತಾನೆ. ಕಡಿಮೆ ಖರ್ಚಿನಲ್ಲಿ ಹಳೆಯ ದೋಣಿಯನ್ನು ಉಳಿಸಿಕೊಳ್ಳಬೇಕೆಂಬ ಆಸೆಯವರಿಗೆ ಈ ಅಂಕಿ ಮಂತ್ರದಂತೆ ಆಗಿದೆ. ಆದರೆ ಈ ಲೆಕ್ಕದಲ್ಲಿ ಎರಡು ಕಲಮುಗಳು ಖಾಲಿ ಇವೆ.

ಮೊದಲನೆಯದು ಆತನ ಸ್ವಂತ ಕೂಲಿ. ಕೈಯಲ್ಲಿ ಬಡಗಿಯ ವಿದ್ಯೆ, ತಲೆಯಲ್ಲಿ ನಾಲ್ಕು ಸಾಗರಗಳ ಅನುಭವ ಇದ್ದ ಮನುಷ್ಯನ ಹದಿಮೂರು ತಿಂಗಳ ದುಡಿಮೆಗೆ ಬೆಲೆ ಸೊನ್ನೆ. ಆ ದುಡಿಮೆಯನ್ನು ಕೊಳ್ಳುವವರು ಆಗ ಯಾರೂ ಇರಲಿಲ್ಲವಾದ್ದರಿಂದ ಅದು ಸೊನ್ನೆ. ಅಗ್ಗದ ದುರಸ್ತಿ ಎಂದು ನಾವು ಮೆಚ್ಚುವುದರ ಹಿಂದೆ ಒಬ್ಬ ಕುಶಲಕರ್ಮಿಯ ನಿರುದ್ಯೋಗ ಇದೆ ಎಂಬುದನ್ನು ಮರೆಯಬಾರದು. ಎರಡನೆಯದು ಮನೆಯ ಲೆಕ್ಕ. ಸ್ಲೋಕಮ್‌ಗೆ ಹೆಂಡತಿ ಇದ್ದಳು, ಮಕ್ಕಳಿದ್ದರು. ಆ ಹದಿಮೂರು ತಿಂಗಳು ಮತ್ತು ಆಮೇಲಿನ ಮೂರು ವರ್ಷ ಅವರ ಅಡುಗೆಮನೆಯಲ್ಲಿ ಒಲೆ ಹೇಗೆ ಉರಿಯಿತು? ಪುಸ್ತಕ ಈ ಬಗ್ಗೆ ಮೌನವಾಗಿದೆ. ಇದೇ ಲೇಖಕ 'ಲಿಬರ್ಡಾಡೆ'ಯ ಕಥನದಲ್ಲಿ ಆ ದೋಣಿಯ ಹಾಯಿಗಳನ್ನು ಹೊಲಿದವಳು ಪತ್ನಿ ಎಂದು ಮೆಚ್ಚುಗೆಯಿಂದ ದಾಖಲಿಸಿದ್ದ. 'ಸ್ಪ್ರೇ'ಯ ಪುಸ್ತಕಕ್ಕೆ ಬರುವಾಗ ಆ ಹೆಂಗಸು ಹೆಚ್ಚುಕಡಿಮೆ ಅಳಿಸಿಹೋಗಿದ್ದಾಳೆ. ಒಬ್ಬನೇ ಸುತ್ತಿ ಬಂದ ಎಂಬ ಮಾತು ನಿಲ್ಲಬೇಕಾದರೆ ಬಹುಶಃ ಅವಳು ಕಾಣಬಾರದಿತ್ತು. ಒಂಟಿ ಸಾಹಸಿಗಳ ಕಥನಗಳನ್ನು ಓದುವಾಗಲೆಲ್ಲ ಮನೆಯಲ್ಲಿ ಯಾರಿದ್ದರು ಎಂದು ಕೇಳುವುದು ಒಳ್ಳೆಯ ಅಭ್ಯಾಸ.

ಹಳೆಯ ಹಲಗೆಗಳನ್ನೆಲ್ಲ ತೆಗೆದು ಹೊಸದನ್ನು ಹಾಕಿದ ಮೇಲೆ ಅದು ಹಳೆಯ ದೋಣಿಯೇ, ಹೊಸದೇ? ಈ ಪ್ರಶ್ನೆ ಸ್ಲೋಕಮ್‌ನಿಗೂ ಬಂದಿದೆ. ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ ಎಂದು ಆತ ಒಪ್ಪುತ್ತಾನೆ. ಆಮೇಲೆ ಲಾಯ್ಡ್ಸ್ ಸಂಸ್ಥೆಯ ನಿಯಮವೊಂದನ್ನು ಮುಂದಿಡುತ್ತಾನೆ: ಭಾಗ ಭಾಗವಾಗಿ ಬದಲಿಸುತ್ತಾ ಹೋಗಿ ಕೊನೆಗೆ ಪೂರ್ತಿ ಹೊಸದಾದ ಹಡಗಿಗೂ ಹಳೆಯ ಹೆಸರೇ ಸಲ್ಲುತ್ತದೆ. ಗ್ರೀಕರ ಕಾಲದಿಂದ ತತ್ವಜ್ಞಾನಿಗಳು ತಲೆ ಕೆಡಿಸಿಕೊಂಡ ಸಮಸ್ಯೆಯನ್ನು ಒಬ್ಬ ಬಡಗಿ ಎರಡು ಮಾತಿನಲ್ಲಿ ಮುಗಿಸಿದ್ದಾನೆ.

ಈ ವಿಷಯದಲ್ಲಿ ನಮ್ಮ ಭಾಷೆಗಳೂ ಜಾಣವಾಗಿವೆ. ಕನ್ನಡದವರು ದಿನವೂ ಬಳಸುವ 'ದುರಸ್ತಿ' ಫಾರ್ಸಿಯಿಂದ ಬಂದದ್ದು. 'ದುರುಸ್ತ್' ಎಂದರೆ ಸರಿಯಾದದ್ದು, ನೆಟ್ಟಗಿರುವುದು. ಹಳೆಯ ಸರಕಾರಿ ಕಾಗದಗಳಲ್ಲಿ ಸಿಗುವ 'ಮರಾಮತ್ತು' ಅರಬಿಯ 'ಮರಮ್ಮತ್'. ಕುತೂಹಲದ ಸಂಗತಿಯೆಂದರೆ, ಕೊಳೆತು ಹುಡಿಯಾದ ಎಲುಬಿಗೆ ಕುರ್‌ಆನ್ ಬಳಸುವ 'ರಮೀಮ್' ಎಂಬ ಪದವೂ ಅದೇ ಧಾತುವಿನದು. ಕೊಳೆಯುವುದೂ ಸರಿಪಡಿಸುವುದೂ ಒಂದೇ ಬೇರಿನಲ್ಲಿ ಕುಳಿತಿವೆ. ಸಂಸ್ಕೃತದ ಜೀರ್ಣೋದ್ಧಾರದಲ್ಲೂ ಹಾಗೆಯೇ, ಜೀರ್ಣವಾದದ್ದನ್ನು ಒಪ್ಪಿಕೊಂಡ ಮೇಲೆಯೇ ಉದ್ಧಾರ. ಕನ್ನಡ ಕರಾವಳಿಯ ಬಂದರು, ಲಂಗರು, ಖಲಾಸಿ ಎಲ್ಲವೂ ಕಡಲ ಮೇಲಿಂದ ಬಂದು ನಮ್ಮವಾದ ಪದಗಳೇ. ಅದೇ ಕರಾವಳಿಯ ಮಂಜಿಗಳಲ್ಲಿ ಹಾಯಿ ಇಳಿದು ಎಂಜಿನ್ ಬಂದಾಗ ಸ್ಲೋಕಮ್‌ಗಾದ ಗತಿಯೇ ಇಲ್ಲಿನ ಹಾಯಿ ಹಿಡಿಯುವ ಕೈಗಳಿಗೂ ಆಯಿತು. ಮಂಜಿ ಎಂಬ ಹೆಸರು ಉಳಿಯಿತು, ಗಾಳಿಯ ವಿದ್ಯೆ ಹೋಯಿತು. ಹೆಸರು ಉಳಿದ ಮಾತ್ರಕ್ಕೆ ಎಲ್ಲವೂ ಉಳಿದಂತಲ್ಲ ಎಂಬುದನ್ನು ಲಾಯ್ಡ್ಸ್ ನಿಯಮದ ಪಕ್ಕದಲ್ಲೇ ಬರೆದಿಡಬೇಕು. ಹಲಗೆ ಬದಲಾಗಬಹುದು, ಹಲಗೆ ಜೋಡಿಸುವ ವಿದ್ಯೆ ಕೈಯಿಂದ ಕೈಗೆ ಬರಬೇಕು.

ದುರಸ್ತಿಯಾದ ದೋಣಿಯನ್ನು ಸ್ಲೋಕಮ್ ಅನುಭವಿಸಿದ ರೀತಿಯೂ ಅಷ್ಟೇ ಸ್ವಾರಸ್ಯಕರ. ಮೊದಲು ಅದರಲ್ಲಿ ಮೀನು ಹಿಡಿಯಹೋದ. ಗಾಳಕ್ಕೆ ಎರೆ ಸಿಕ್ಕಿಸುವ ಜಾಣತನವೂ ತನಗಿಲ್ಲ ಎಂದು ಗೊತ್ತಾಯಿತು. ಲಾಭವುಂಟೇ ಎಂದು ಕೇಳಿದವರು ಗೆದ್ದಂತಾಯಿತು. ಆಗ ಆತ ಪ್ರಪಂಚ ಸುತ್ತಲು ತೀರ್ಮಾನಿಸಿದ. ಯಾನದಲ್ಲೂ ಕಾಸಿನ ಬಿಗಿತ ತಪ್ಪಲಿಲ್ಲ. ಹಡಗಿನ ಗಡಿಯಾರವನ್ನು ರಿಪೇರಿ ಮಾಡಿಸಲು ಹದಿನೈದು ಡಾಲರ್ ಆಗುತ್ತದೆಂದು ಅದನ್ನು ಮನೆಯಲ್ಲೇ ಬಿಟ್ಟು, ಒಂದೂವರೆ ಡಾಲರಿನ ತಗಡಿನ ಗಡಿಯಾರವನ್ನು ಅದರ ಮುಖ ಒಡೆದಿದೆಯೆಂಬ ನೆಪದಲ್ಲಿ ಒಂದು ಡಾಲರಿಗೆ ಇಳಿಸಿ ಕೊಂಡ. ಅದನ್ನೇ ನೆಚ್ಚಿ ಸಾಗರಗಳನ್ನು ದಾಟಿದ. ಮೆಲ್ಬರ್ನ್‌ನಲ್ಲಿ ಬಂದರು ಸುಂಕ ಕೇಳಿದಾಗ, ದೋಣಿ ನೋಡಲು ಬಂದವರಿಂದ ತಲಾ ಆರು ಪೆನ್ಸ್ ಪಡೆದು ಅದನ್ನು ತುಂಬಿಕೊಂಡ. ಜನ ಕಡಿಮೆಯಾದಾಗ ಶಾರ್ಕ್ ಒಂದನ್ನು ಹಿಡಿದು ಅದನ್ನು ನೋಡುವುದಕ್ಕೂ ಆರು ಪೆನ್ಸ್ ಇಟ್ಟ. ಹ್ವಾನ್ ಫೆರ್ನಾಂಡೆಸ್ ದ್ವೀಪದಲ್ಲಿ ದಾರಿಯಲ್ಲಿ ಸಿಕ್ಕಿದ್ದ ಕೊಬ್ಬಿನಲ್ಲಿ ಸಿಹಿತಿಂಡಿ ಕರಿಯುವುದನ್ನು ಅಲ್ಲಿನವರಿಗೆ ಕಲಿಸಿ ಆ ಕೊಬ್ಬನ್ನೇ ಮಾರಿದ. ದುರಸ್ತಿಯೂ ನಿಲ್ಲಲಿಲ್ಲ. ಬ್ಯೂನಸ್ ಐರಿಸ್‌ನಲ್ಲಿ ಕೂವೆಮರವನ್ನು ಏಳು ಅಡಿ ಮೊಟಕು ಮಾಡಿದ. ಜಲಸಂಧಿಯಲ್ಲಿ ಹರಿದ ಹಾಯಿಗಳನ್ನು ಕೂತು ಹೊಲಿದ. ಇದಕ್ಕೆಲ್ಲ ದೋಣಿ ಕೊಟ್ಟ ಪ್ರತಿಫಲವೂ ಇದೆ. ಚುಕ್ಕಾಣಿಯನ್ನು ಕಟ್ಟಿಟ್ಟರೆ ಅದು ತಾನಾಗಿ ದಾರಿ ಹಿಡಿದು ಸಾಗುತ್ತಿತ್ತು. ಥರ್ಸ್‌ಡೇ ದ್ವೀಪದಿಂದ ಕೋಕೋಸ್ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಗಳನ್ನು 23 ದಿನಗಳಲ್ಲಿ ದಾಟಿದಾಗ ಆತ ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಯಷ್ಟೇ. ಉಳಿದ ಹೊತ್ತು ಪುಸ್ತಕ ಓದಿದ. ಬಡವನೊಬ್ಬ ಸಂಪಾದಿಸಿದ ಇಂಥ ಬಿಡುವು ಸಾಹಿತ್ಯದಲ್ಲಿ ಅಪರೂಪ.

ಇದರ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನಿಟ್ಟು ನೋಡಬಹುದು. ಕೆನಡಾದ ಫಾರ್ಲಿ ಮೋವತ್ 1969ರಲ್ಲಿ ಪ್ರಕಟಿಸಿದ 'ದ ಬೋಟ್ ಹೂ ವುಡ್‌ಂಟ್ ಫ್ಲೋಟ್'. ಪ್ರಸಿದ್ಧ ಲೇಖಕನೂ ಅವನ ಪ್ರಕಾಶಕ ಗೆಳೆಯ ಜಾಕ್ ಮೆಕ್ಲೆಲಂಡ್‌ನೂ ಸೇರಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಹಳೆಯ ಮೀನುಗಾರಿಕೆ ದೋಣಿಯೊಂದನ್ನು ಕೊಂಡು 'ಹ್ಯಾಪಿ ಅಡ್ವೆಂಚರ್' ಎಂದು ಹೆಸರಿಟ್ಟ ಕತೆ ಅದು. ಆ ದೋಣಿ ಸೋರುತ್ತದೆ. ಎಷ್ಟು ಬಡಿದರೂ, ಎಷ್ಟು ಮೆತ್ತಿದರೂ ಸೋರುತ್ತದೆ. ನೀರು ಮೊಗೆದು ಚೆಲ್ಲುವುದೇ ಅವರ ಯಾನ. ಪುಟಪುಟದಲ್ಲೂ ನಗು ಉಕ್ಕುವ ಈ ಪುಸ್ತಕಕ್ಕೆ ಕೆನಡಾದ ಹಾಸ್ಯ ಸಾಹಿತ್ಯದ ಲೀಕಾಕ್ ಪದಕ ಬಂತು. ನಾವೂ ನಕ್ಕಿದ್ದೇವೆ. ಆದರೆ ಈ ನಗೆಗೆ ಒಂದು ಭದ್ರತೆಯಿದೆ. ದೋಣಿ ಮುಳುಗಿದರೂ ಮೋವತ್‌ಗೆ ಮನೆಯಿದೆ, ಬರೆಯಲು ಪುಸ್ತಕವಿದೆ. ಸ್ಲೋಕಮ್‌ಗೆ ದೋಣಿಯೇ ಮನೆ. ಹಾಗಾಗಿ ಆತನ ದೋಣಿ ಸೋರುವಂತಿರಲಿಲ್ಲ. ಒಬ್ಬನದು ಹವ್ಯಾಸಿಯ ದುರಸ್ತಿ, ಇನ್ನೊಬ್ಬನದು ಹೊಟ್ಟೆಪಾಡಿನವನ ದುರಸ್ತಿ. ಎರಡಕ್ಕೂ ಸಾಹಿತ್ಯದಲ್ಲಿ ಜಾಗವಿದೆ, ಆದರೆ ಎರಡೂ ಒಂದೇ ಅಲ್ಲ.

ಈಗಲೂ ಪಶ್ಚಿಮದ ಬಂದರುಗಳಲ್ಲಿ ಮಾಲೀಕರು ಬಿಟ್ಟುಹೋದ ಫೈಬರ್ ಗಾಜಿನ ಹಾಯಿದೋಣಿಗಳು ಪುಕ್ಕಟೆಯಾಗಿ ಸಿಗುವುದುಂಟು. ಫೈಬರ್ ಕೊಳೆಯುವುದಿಲ್ಲ, ಆದರೆ ಹಾಯಿ, ಹಗ್ಗ, ಕೂವೆಮರವನ್ನು ಹಿಡಿದಿಡುವ ತಂತಿ, ಎಂಜಿನ್, ನಿಲ್ಲಿಸುವ ಜಾಗದ ಬಾಡಿಗೆ ಸೇರಿ ಪುಕ್ಕಟೆ ದೋಣಿಯೇ ದುಬಾರಿಯಾಗುತ್ತದೆ. ಸ್ಲೋಕಮ್‌ನಿಗೆ ಹೊಲದಲ್ಲಿ ಕೆಲಸ ಮಾಡಲು ಜಾಗವಿತ್ತು, ಕಡಿಯಲು ಮರವಿತ್ತು, ಸುತ್ತ ಬಲ್ಲವರ ಹರಟೆಯಿತ್ತು. ಅಗ್ಗವಾದದ್ದು ಹಣದಿಂದಲ್ಲ, ಈ ಮೂರರಿಂದ. ಆತನ ಅಂಕಿಯನ್ನು ಮಾತ್ರ ಎತ್ತಿಕೊಂಡು ಹೊರಡುವವರು ಇದನ್ನು ಗಮನಿಸುವುದಿಲ್ಲ.

ಇಷ್ಟು ಮೆಚ್ಚಿದ ಪುಸ್ತಕದಲ್ಲಿ ದುರಸ್ತಿಯಾಗದೆ ಉಳಿದ ಹಲಗೆಗಳೂ ಇವೆ. ಜಿಬ್ರಾಲ್ಟರ್ ದಾಟಿದ ಮೇಲೆ ಮೊರಾಕೊ ಕರಾವಳಿಯ ಕಡೆಯ ದೋಣಿಯೊಂದು ಸ್ಪ್ರೇಯನ್ನು ಬೆನ್ನಟ್ಟುತ್ತದೆ. ಅದರ ಕೂವೆಮರ ಮುರಿದು ಸ್ಲೋಕಮ್ ಪಾರಾಗುತ್ತಾನೆ. ಅವರು ಕಳ್ಳರೇ ಇದ್ದಿರಬಹುದು. ಆದರೆ ಆ ಜನರ ತಲೆಯ ಜುಟ್ಟನ್ನು ಕಂಡು, ಅದನ್ನು ಹಿಡಿದೇ ಪ್ರವಾದಿ(ಸ)ಯವರು ಈ ದುಷ್ಟರನ್ನು ಸ್ವರ್ಗಕ್ಕೆ ಎಳೆದುಕೊಳ್ಳುವರಂತೆ ಎಂದು ಆತ ಗೇಲಿ ಮಾಡುತ್ತಾನೆ. ಯುರೋಪಿನ ಬಂದರುಗಳಲ್ಲಿ ಓಡಾಡುತ್ತಿದ್ದ ಮಾತನ್ನು ಪರೀಕ್ಷಿಸದೆ ಎತ್ತಿಕೊಂಡದ್ದು ಅದು. ಮೆಗೆಲನ್ ಜಲಸಂಧಿಯಲ್ಲಿ ಬರಿಗಾಲಿನ ಮೂಲನಿವಾಸಿಗಳನ್ನು ತಡೆಯಲು ರಾತ್ರಿ ದೋಣಿಯ ಮೇಲೆ ಮೊಳೆ ಚೆಲ್ಲಿ ಮಲಗಿದ ಪ್ರಸಂಗವಂತೂ ಮಕ್ಕಳ ಪಠ್ಯಗಳಿಗೂ ತಕ್ಕ ನಗೆಹನಿಯಂತೆ ನಿರೂಪಿತವಾಗಿದೆ. ಅದೇ ವರ್ಷಗಳಲ್ಲಿ ಟಿಯೆರಾ ಡೆಲ್ ಫ್ಯೂಗೋದ ಮೂಲನಿವಾಸಿಗಳು ಕುರಿ ಸಾಕುವ ವಲಸಿಗರ ಬಂದೂಕಿಗೂ ಹೊರಗಿನಿಂದ ಬಂದ ರೋಗಗಳಿಗೂ ಸಿಕ್ಕಿ ಅಳಿಯುತ್ತಿದ್ದರು. ಮೋಸಗಾರ ವ್ಯಾಪಾರಿಗಳ ಸಂಪರ್ಕದಿಂದಲೇ ಅವರು ಕೆಟ್ಟರು ಎಂದು ಆತ ಒಂದು ಕಡೆ ಹೇಳುತ್ತಾನೆ, ಆದರೆ ಅಲ್ಲಿಗೇ ಬಿಡುತ್ತಾನೆ. ಕೊಳೆತ ಹಲಗೆಯೊಳಗೆ ಗಟ್ಟಿ ದೋಣಿಯನ್ನು ಕಂಡ ಕಣ್ಣು ಇಲ್ಲಿ ಮನುಷ್ಯರನ್ನು ಕಾಣಲಿಲ್ಲ.

ಹಾಗೆಂದು ಪುಸ್ತಕವನ್ನು ಎಸೆಯಬೇಕಾಗಿಲ್ಲ. ಅದೇ ಕಣ್ಣು ಕೋಕೋಸ್ ಕೀಲಿಂಗ್ ದ್ವೀಪಗಳಲ್ಲಿ ಬೇರೆಯಾಗಿದೆ. ಅಲ್ಲಿನವರು ಮಲಯ ಮೂಲದ ಮುಸ್ಲಿಮರು. ಸ್ಲೋಕಮ್ ಅಲ್ಲಿ ಅವಸರವಿಲ್ಲದೆ ಉಳಿದ, ದೋಣಿಯ ತಳದ ಭಾರವನ್ನು ಬದಲಿಸಿ ದೈತ್ಯ ಕಪ್ಪೆಚಿಪ್ಪುಗಳನ್ನು ತುಂಬಿಕೊಂಡ, ಮಕ್ಕಳ ಸ್ನೇಹ ಮಾಡಿದ. ಭೂಮಿಯ ಮೇಲೆ ಸ್ವರ್ಗವಿದ್ದರೆ ಇದೇ ಎಂಬಂತೆ ಆ ಜಾಗವನ್ನು ವರ್ಣಿಸುತ್ತಾನೆ. ಓಡುತ್ತಾ ಕಂಡವರು ಆತನಿಗೆ ದುಷ್ಟರು, ಜೊತೆಗೆ ಕುಳಿತವರು ಮನುಷ್ಯರು. ಮರದ ಬಗ್ಗೆ ಆತನಿಗೆ ಗೊತ್ತಿದ್ದ ಸತ್ಯ ಮನುಷ್ಯರ ಬಗ್ಗೆಯೂ ನಿಜ: ಹತ್ತಿರ ಹೋಗಿ ಮುಟ್ಟಿ ನೋಡದೆ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ತಿಳಿಯುವುದಿಲ್ಲ.

1898ರ ಜುಲೈಯಲ್ಲಿ ಆತ ದೋಣಿಯನ್ನು ಫೇರ್‌ಹೆವನ್‌ಗೆ ಒಯ್ದು, ಅದು ಮೊದಲು ನೀರಿಗಿಳಿದಾಗ ಕಟ್ಟಿದ್ದ ಅದೇ ಗೂಟಕ್ಕೆ ಕಟ್ಟಿದ. ಪುಸ್ತಕ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ, ಬದುಕು ಮುಗಿಯಲಿಲ್ಲ. 1901ರಲ್ಲಿ ಬಫಲೋ ನಗರದ ವಸ್ತುಪ್ರದರ್ಶನದಲ್ಲಿ ಸ್ಪ್ರೇ ಒಂದು ನೋಟದ ವಸ್ತುವಾಯಿತು. ಸ್ಲೋಕಮ್ ತೋಟ ಕೊಂಡು ನೆಲದಲ್ಲಿ ನೆಲೆಸಲು ನೋಡಿದ, ಆಗಲಿಲ್ಲ. 1906ರಲ್ಲಿ ನ್ಯೂಜೆರ್ಸಿಯಲ್ಲಿ ಒಬ್ಬ ಬಾಲಕಿಯ ಮೇಲೆ ಅನುಚಿತವಾಗಿ ವರ್ತಿಸಿದ ಆರೋಪದಲ್ಲಿ ಬಂಧಿತನಾಗಿ 42 ದಿನ ಜೈಲಿನಲ್ಲಿದ್ದ. ಗಂಭೀರ ಆರೋಪ ಬಿದ್ದುಹೋಯಿತು, ಲಘು ಆರೋಪವನ್ನು ಆತ ಎದುರಿಸದೆ ಒಪ್ಪಿಕೊಂಡ. ಇದನ್ನು ಮುಚ್ಚಿಟ್ಟು ಆತನನ್ನು ಹೊಗಳುವುದು ಸರಿಯಲ್ಲ. ಕೊನೆಯ ವರ್ಷಗಳಲ್ಲಿ ಕಂಡವರು ದೋಣಿಯೂ ಕ್ಯಾಪ್ಟನ್ನನೂ ಆರೈಕೆಯಿಲ್ಲದೆ ಸೊರಗಿದ್ದನ್ನು ಬರೆದಿದ್ದಾರೆ. ಆ ದಶಕದ ಕೊನೆಯಲ್ಲಿ ಒಂದು ಚಳಿಗಾಲ ಆತ ಅದೇ ದೋಣಿಯಲ್ಲಿ ದಕ್ಷಿಣಕ್ಕೆ ಹೊರಟ. ಇಬ್ಬರೂ ಮತ್ತೆ ಕಾಣಲಿಲ್ಲ. 1924ರಲ್ಲಿ ಕಾನೂನು ಆತನನ್ನು ಮೃತನೆಂದು ಘೋಷಿಸಿತು.

ದುರಸ್ತಿ ಎಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ ಎಂದು ಈ ಕೊನೆ ಹೇಳುತ್ತದೆ. ದೋಣಿಯಾಗಲಿ, ಮನುಷ್ಯನಾಗಲಿ, ನಾವು ನಮ್ಮದೆಂದು ಹೇಳಿಕೊಳ್ಳುವ ಪರಂಪರೆಯಾಗಲಿ, ದಿನವೂ ಸಂದು ನೋಡಿ ಹತ್ತಿ ತುರುಕುವವರಿಲ್ಲದಿದ್ದರೆ ನೀರು ಒಳಗೆ ಬರುತ್ತದೆ. 553 ಡಾಲರ್ 62 ಸೆಂಟಿನ ಲೆಕ್ಕ ಒಂದು ಅಧ್ಯಾಯದ್ದು. ಆಮೇಲಿನ ಲೆಕ್ಕವನ್ನು ಬದುಕಿರುವವರೆಗೂ ಬರೆಯುತ್ತಲೇ ಇರಬೇಕಾಗುತ್ತದೆ.